ಮೋಡ ಒಂದೇ, ಗಿರಾಕಿ ಹಲವರು

ಜುಲೈನಲ್ಲಿ ಮುಂಗಾರು ಒಂದೆರಡು ದಿನ ಬಿಡುವು ಕೊಡುವ ಸೂಚನೆ ಕಂಡಿತೆಂದರೆ ನಮ್ಮಂಥ ಖಾಸಗಿ ಹವಾಮಾನ ಕಂಪನಿಗಳ ಫೋನಿಗೆ ಬಿಡುವಿರುವುದಿಲ್ಲ. ಶಿರಸಿ ಕಡೆಯ ಅಡಿಕೆ ಬೆಳೆಗಾರರು ಕೇಳುತ್ತಾರೆ: “ನಾಳೆ ಮಧ್ಯಾಹ್ನದವರೆಗೆ ಹೊಳ ಇರ್ತದಾ? ಕೊನೆಗೌಡ ಬರ್ತೇನೆ ಅಂದಿದ್ದಾನೆ.” ಬೆಂಗಳೂರಿನ ಹೊರವಲಯದ ಕಂಟ್ರಾಕ್ಟರ್ ಕೇಳುವುದು ಇನ್ನೊಂದು: “ಸಾರ್, ಬೆಳಗ್ಗೆ ಶುರು ಮಾಡಿದ್ರೆ ಸಂಜೆ ಐದರೊಳಗೆ ಮೋಲ್ಡ್ ಮುಗಿಯುತ್ತೆ. ಹಾಕ್ಲಾ, ಬೇಡ್ವಾ?” ಪಾವಗಡದ ಸೌರ ವಿದ್ಯುತ್ ಘಟಕದ ಎಂಜಿನಿಯರಿಗೆ ಮಾತೇ ಬೇಡ. ನಾಳೆಯ ಇಡೀ ದಿನಕ್ಕೆ 96 ಸಂಖ್ಯೆಗಳಿರುವ ಒಂದು ಕಡತ ಹೊತ್ತಿಗೆ ಸರಿಯಾಗಿ ತಲುಪಿದರೆ ಆಯಿತು.

‘ನಾಳೆ ಮಳೆ ಬರುತ್ತದೆಯೇ’ ಎಂದು ಇವರಲ್ಲಿ ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಿ. ಆ ಪ್ರಶ್ನೆಗೆ ಉತ್ತರ ಟಿ.ವಿ.ಯಲ್ಲಿದೆ, ಮೊಬೈಲಿನಲ್ಲಿದೆ, ಅದೂ ಪುಕ್ಕಟೆ. ದುಡ್ಡು ಕೊಟ್ಟು ಕೇಳುವವರಿಗೆ ಬೇಕಾದದ್ದು ಮಳೆಯ ಸುದ್ದಿಯಲ್ಲ, ತಾನು ನಾಳೆ ಏನು ಮಾಡಬೇಕು ಎಂಬುದು. ಖಾಸಗಿ ಮುನ್ಸೂಚಕನ ಕೆಲಸ ಸರ್ಕಾರಿ ಹವಾಮಾನ ಇಲಾಖೆಯವರ ಕೆಲಸಕ್ಕಿಂತ ಬೇರೆಯಾಗುವುದು ಇಲ್ಲಿಯೇ. ಇಬ್ಬರೂ ನೋಡುವ ಉಪಗ್ರಹ ಚಿತ್ರ ಒಂದೇ, ಒತ್ತಡದ ನಕ್ಷೆ ಒಂದೇ. ಇಲಾಖೆ ಜಿಲ್ಲೆಗೊಂದು ಮಾತು ಹೇಳಿ ಮುಗಿಸುತ್ತದೆ, ಮುಗಿಸಲೇಬೇಕು. ನಾವು ಗಿರಾಕಿಗೊಂದು ಮಾತು ಹೇಳಬೇಕು.

ಅಡಿಕೆಯನ್ನೇ ತೆಗೆದುಕೊಳ್ಳಿ. ಕೊಳೆರೋಗ ತಡೆಯಲು ಮಲೆನಾಡು, ಕರಾವಳಿಯವರು ನಂಬಿರುವುದು ಬೋರ್ಡೋ ದ್ರಾವಣವನ್ನು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಲ ಮಳೆಗಾಲ ಕೂಡುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು ಹೊಡೆಯಬೇಕು. ಮೊದಲನೆಯದು ಹೇಗೋ ಆಗುತ್ತದೆ. ಎರಡನೆಯದು ಬೀಳುವುದು ನಟ್ಟನಡು ಮಳೆಗಾಲದಲ್ಲಿ. ಗೊನೆ ಒದ್ದೆಯಿದ್ದರೆ ಔಷಧಿ ಅಂಟುವುದಿಲ್ಲ. ಹೊಡೆದ ಮೇಲೆ ಒಣಗಲು ಕೆಲವು ತಾಸು ಬಿಸಿಲೋ ಒಣಗಾಳಿಯೋ ಸಿಗದಿದ್ದರೆ ಸುಣ್ಣ, ತುತ್ತ, ಕೂಲಿ ಮೂರೂ ನೀರುಪಾಲು. ಮರ ಹತ್ತುವ ಕೊನೆಗೌಡರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಇವತ್ತು ತಪ್ಪಿಸಿಕೊಂಡರೆ ಅವರು ಮತ್ತೆ ಸಿಗುವುದು ಮುಂದಿನ ವಾರವೋ, ಅದರ ಮುಂದಿನ ವಾರವೋ. ಹಾಗಾಗಿ ಬೆಳೆಗಾರರಿಗೆ ಬೇಕಿರುವುದು ದಿನದ ಒಟ್ಟು ಮಳೆಯ ಅಂದಾಜಲ್ಲ, ಮಳೆಯ ನಡುವಿನ ಕಿಂಡಿ, ಅಂದರೆ ಹೊಳ. ದಿನಕ್ಕೆ ನಲವತ್ತು ಮಿಲಿಮೀಟರ್ ಬಂದರೂ ಅದು ರಾತ್ರಿಯೇ ಸುರಿದು ಹೋದರೆ ಅವರಿಗೆ ಒಳ್ಳೆಯ ದಿನ. ಬರೀ ನಾಲ್ಕು ಮಿಲಿಮೀಟರ್ ಜಿಟಿಜಿಟಿ ಹಗಲೆಲ್ಲ ಹಿಡಿದುಕೊಂಡರೆ ಕೆಟ್ಟ ದಿನ. ಇಲಾಖೆಯ ಲೆಕ್ಕದಲ್ಲಿ ಮೊದಲನೆಯದು ಸಾಧಾರಣ ಮಳೆಯ ದಿನ, ಎರಡನೆಯದು ಬರೀ ಹಗುರ ಮಳೆ.

ಸಾಧ್ಯತೆಯ ಭಾಷೆಯನ್ನು ಗಿರಾಕಿಗೆ ತಲುಪಿಸುವುದು ಇಡೀ ಕೆಲಸದಲ್ಲಿ ಕಷ್ಟದ ಭಾಗ, ಸ್ವಾರಸ್ಯದ ಭಾಗವೂ ಅದೇ. ನಾಳೆ ಮಧ್ಯಾಹ್ನ ಮಳೆಯಾಗುವ ಸಾಧ್ಯತೆ ಶೇ 30 ಎಂದು ನಮ್ಮ ಲೆಕ್ಕ ಹೇಳುತ್ತದೆ ಎನ್ನಿ. ಕಂಟ್ರಾಕ್ಟರ್ ಕೆಲಸ ಒಂದು ದಿನ ಮುಂದೂಡಿದರೆ ಆಳುಗಳ ಕೂಲಿ, ಮಿಕ್ಸರ್ ಬಾಡಿಗೆ ಎಂದು ಇಪ್ಪತ್ತು ಸಾವಿರ ಕೈಬಿಡುತ್ತದೆ. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಹೊಡೆದು ಸಿಮೆಂಟು ಹಾಲು ಹರಿದು ಹೋದರೆ ನಷ್ಟ ಎರಡು ಲಕ್ಷ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಸಾವಿರವೆಂದರೆ ಎರಡು ಲಕ್ಷದ ಹತ್ತನೇ ಒಂದು ಪಾಲು. ಹಾಗಾದರೆ ಮಳೆಯ ಸಾಧ್ಯತೆ ಶೇ 10 ದಾಟಿದ ಕೂಡಲೇ ಮುಂದೂಡುವುದೇ ಲಾಭ. ಅವರಿಗೆ ಉತ್ತರ, ‘ಬೇಡ’. ಅಡಿಕೆಯವರಿಗೆ ಔಷಧಿ ತೊಳೆದು ಹೋದರೆ ಆಗುವ ನಷ್ಟ ದೊಡ್ಡದಲ್ಲ. ಹೊಡೆಯದೆ ಬಿಟ್ಟು ಕೊಳೆ ಹತ್ತಿಕೊಂಡರೆ ವರ್ಷದ ಫಸಲಿಗೇ ಕುತ್ತು. ಅದೇ ಶೇ 30ಕ್ಕೆ ಅವರಿಗೆ ಉತ್ತರ, ‘ಹೊಡೆಸಿಬಿಡಿ’. ಒಂದೇ ದಿನ, ಒಂದೇ ಮೋಡ, ಒಂದೇ ಸಂಖ್ಯೆ. ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಬೇಡ. ಹೊರಗಿನಿಂದ ನೋಡಿದವರಿಗೆ ಇದು ಎರಡು ನಾಲಗೆಯ ವ್ಯವಹಾರ ಎನ್ನಿಸಬಹುದು. ಎರಡು ನಾಲಗೆಯಲ್ಲ, ಎರಡು ಜಮಾ ಖರ್ಚು.

ಪಾವಗಡದ ಆ 96 ಸಂಖ್ಯೆಗಳ ಕಥೆ ಇನ್ನೂ ಖಡಕ್ಕು. ಈ ವೃತ್ತಿಗೆ ಕರ್ನಾಟಕದಲ್ಲಿ ಗಟ್ಟಿ ನೆಲ ಸಿಕ್ಕಿದ್ದೇ ವಿದ್ಯುತ್ತಿನಿಂದ. ಗ್ರಿಡ್ಡಿನಲ್ಲಿ ದಿನವನ್ನು ಕಾಲು ಗಂಟೆಗೊಂದರಂತೆ 96 ತುಂಡು ಮಾಡುತ್ತಾರೆ. ಪ್ರತಿ ತುಂಡಿನಲ್ಲೂ ಯಾವ ಘಟಕದಿಂದ ಎಷ್ಟು ವಿದ್ಯುತ್ ಬರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಬಳ್ಳಾರಿ, ರಾಯಚೂರಿನ ಕಲ್ಲಿದ್ದಲ ಘಟಕಗಳನ್ನೂ ಶರಾವತಿಯ ಟರ್ಬೈನುಗಳನ್ನೂ ಅದಕ್ಕೆ ತಕ್ಕಂತೆ ಏರಿಸಿ ಇಳಿಸಬಹುದು. ಕಲ್ಲಿದ್ದಲನ್ನು ಹೇಳಿದಷ್ಟು ಉರಿಸಬಹುದು. ಗಾಳಿ, ಬಿಸಿಲು ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೇ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲಿ ಗಾಳಿ ಮತ್ತು ಸೌರ ಘಟಕಗಳಿಗೆ ಮುನ್ಸೂಚನೆ ಕಡ್ಡಾಯ ಮಾಡಿ ನಿಯಮ ತಂದಿತು. ಹಿಂದಿನ ದಿನವೇ ನಾಳೆಯ ಲೆಕ್ಕ ಕೊಡಬೇಕು, ದಿನದಲ್ಲಿ ಒಂದೂವರೆ ತಾಸಿಗೊಮ್ಮೆ ತಿದ್ದಬಹುದು. ಲೆಕ್ಕ ತಪ್ಪಿದರೆ ದಂಡ.

ದಂಡ ಹೇಗೆ ಬೀಳುತ್ತದೆ ನೋಡಿ. ಆ ಮೂಲ ನಿಯಮದ ಪ್ರಕಾರ ತಪ್ಪು ಘಟಕದ ಸಾಮರ್ಥ್ಯದ ಶೇ 15ರೊಳಗಿದ್ದರೆ ಮಾಫಿ. 15ರಿಂದ 25ರವರೆಗಿನ ಪಾಲಿಗೆ ಯೂನಿಟ್ಟಿಗೆ ಐವತ್ತು ಪೈಸೆ, 25ರಿಂದ 35ರವರೆಗೆ ಒಂದು ರೂಪಾಯಿ, ಅದರಾಚೆಗೆ ಒಂದೂವರೆ ರೂಪಾಯಿ. 50 ಮೆಗಾವಾಟ್ ಘಟಕವೊಂದು ಮಧ್ಯಾಹ್ನ ಎರಡು ಗಂಟೆಯ ತುಂಡಿಗೆ 40 ಮೆಗಾವಾಟ್ ಬರೆದುಕೊಟ್ಟಿದೆ. ಆಂಧ್ರದ ಕಡೆಯಿಂದ ಒಂದು ಮೋಡ ತೇಲಿಬಂದು ಉತ್ಪಾದನೆ 20ಕ್ಕೆ ಇಳಿಯಿತು. ವ್ಯತ್ಯಾಸ ಸಾಮರ್ಥ್ಯದ ಶೇ 40. ಕಾಲು ಗಂಟೆಗೆ ಅದು 5,000 ಯೂನಿಟ್. ಮಾಫಿಯ ಪಾಲು ಕಳೆದು ಹಂತಹಂತವಾಗಿ ಕೂಡಿದರೆ ದಂಡ ಸುಮಾರು 2,800 ರೂಪಾಯಿ. ಒಂದು ಮೋಡಕ್ಕೆ, ಒಂದು ಕಾಲು ಗಂಟೆಗೆ! ಅದೇ ಮೋಡ ನಾಲ್ಕು ತಾಸು ಅಲ್ಲೇ ಬೀಡುಬಿಟ್ಟರೆ, ಯಾರೂ ಲೆಕ್ಕ ತಿದ್ದದಿದ್ದರೆ, 45 ಸಾವಿರ. ಆಮೇಲೆ ಕೇಂದ್ರದ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. ಮುನ್ಸೂಚನೆಯ ತಪ್ಪಿಗೆ ಪೈಸೆಯ ಲೆಕ್ಕದಲ್ಲಿ ಬೆಲೆ ಕಟ್ಟಿದ ಇಂಥ ಜಾಗ ಬೇರೆ ಕಡೆ ಕಾಣಸಿಗುವುದು ಅಪರೂಪ. ಟಿ.ವಿ.ಯಲ್ಲಿ ತಪ್ಪು ಹೇಳಿದವರನ್ನು ಜನ ಬೈದು ಮರೆಯುತ್ತಾರೆ. ಇಲ್ಲಿ ತಿಂಗಳ ಕೊನೆಗೆ ಬಿಲ್ಲು ಬರುತ್ತದೆ.

ಹಾಗಾಗಿ ಸೌರ ಘಟಕಗಳ ಪಾಳಿಯಲ್ಲಿರುವವರ ಕಣ್ಣು ಮಳೆಯ ಮೇಲಿರುವುದಿಲ್ಲ, ನೆರಳಿನ ಮೇಲಿರುತ್ತದೆ. ಮಳೆ ತರದ, ಯಾರೂ ತಲೆಯೆತ್ತಿ ನೋಡದ ತೆಳು ಮೋಡವೂ ಇವರಿಗೆ ಶತ್ರು. ಇನ್ಸಾಟ್ ಉಪಗ್ರಹದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಅರ್ಧ ಗಂಟೆಯಲ್ಲಿ ಮೋಡದ ಅಂಚು ಎಷ್ಟು ಸರಿದಿದೆ ಎಂದು ಅಳೆದು, ಅದೇ ವೇಗದಲ್ಲಿ ಮುಂದೆ ನೂಕಿ, ಯಾವ ತುಂಡಿನಲ್ಲಿ ಯಾವ ಫಲಕದ ಸಾಲಿಗೆ ನೆರಳು ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ಎರಡು ಮೂರು ತಾಸಿನ ಮಟ್ಟಿಗೆ ಈ ಸರಳ ಉಪಾಯ ದೊಡ್ಡ ದೊಡ್ಡ ಕಂಪ್ಯೂಟರ್ ಮಾದರಿಗಳನ್ನೂ ಎಷ್ಟೋ ಸಲ ಮೀರಿಸುತ್ತದೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳ ಕಡೆಯ ಲೆಕ್ಕ ಬೇರೆಯೇ. ಗಾಳಿಯ ವೇಗ ಎರಡರಷ್ಟಾದರೆ ಅದರೊಳಗಿನ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಸೆಕೆಂಡಿಗೆ ಒಂದು ಮೀಟರಿನಷ್ಟು ಸಣ್ಣ ತಪ್ಪು ಕೂಡ ವಿದ್ಯುತ್ತಿನ ಲೆಕ್ಕದಲ್ಲಿ ದೊಡ್ಡದಾಗಿ ಏಳುತ್ತದೆ.

ಪಾವಗಡಕ್ಕೂ ಹವಾಮಾನ ವಿಜ್ಞಾನಕ್ಕೂ ಹಳೆಯ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಪಾವಗಡ, ಅನಂತಪುರ ಸೀಮೆಯ ಶೇಂಗಾ ಬೆಳೆಗಾರರ ಜೊತೆ ಕೂತು, ಬಿತ್ತನೆ ಯಾವಾಗ ಮಾಡಿದರೆ ನಡುವಿನ ಒಣ ದಿನಗಳ ಪೆಟ್ಟು ಕಡಿಮೆಯಾದೀತು ಎಂದು ದಶಕಗಳ ಮಳೆ ಲೆಕ್ಕ ಹಿಡಿದು ಅಧ್ಯಯನ ಮಾಡಿದವರು. ರೈತನಿಗೆ ಬೇಕಿರುವುದು ಮಳೆಯ ಮೊತ್ತವಲ್ಲ, ಯಾವ ವಾರ ಏನು ಮಾಡಬೇಕು ಎಂಬ ನಿರ್ಧಾರ ಎಂಬುದನ್ನು ಅವರು ಖಾಸಗಿ ಕಂಪನಿಗಳು ಕಣ್ಣುಬಿಡುವ ಮೊದಲೇ ಕಂಡುಕೊಂಡಿದ್ದರು. 2025ರಲ್ಲಿ ತೀರಿಕೊಂಡರು. ಮಳೆಯನ್ನು ಕಾದು ಸಾಕಾದ ಆ ಸೀಮೆಯ ಹದಿಮೂರು ಸಾವಿರ ಎಕರೆ ಭೂಮಿ ಇಂದು ಗುತ್ತಿಗೆಗೆ ಹೋಗಿ 2,050 ಮೆಗಾವಾಟ್ ಸೌರ ಪಾರ್ಕ್ ಆಗಿದೆ. ಮೋಡ ಬಂದರೆ ಈಗ ಅಲ್ಲಿ ದಂಡ.

ಮುನ್ಸೂಚನೆಯನ್ನು ಮಾರುವ ದಂಧೆ ಹೊಸದೇನಲ್ಲ. ಅಮೆರಿಕದಲ್ಲಿ ಜೋಯೆಲ್ ಮೈಯರ್ಸ್ ಎಂಬ ವಿದ್ಯಾರ್ಥಿ 1962ರಲ್ಲಿ ಶುರು ಮಾಡಿದ ಪುಟ್ಟ ಉದ್ಯೋಗವೇ ಮುಂದೆ ಅಕ್ಯುವೆದರ್ ಆಯಿತು. ಮೊದಲ ಗಿರಾಕಿ ಪೆನ್ಸಿಲ್ವೇನಿಯಾದ ಒಂದು ಗ್ಯಾಸ್ ಕಂಪನಿ. ಚಳಿ ಎಷ್ಟು ಬೀಳುತ್ತದೆ ಎಂದು ಗೊತ್ತಾದರೆ ಮನೆಮನೆಗೆ ಎಷ್ಟು ಗ್ಯಾಸ್ ಬೇಕು ಎಂದು ಗೊತ್ತಾಗುತ್ತದಲ್ಲ. ಜಪಾನಿನ ಕಥೆಯಲ್ಲಿ ಸಾವಿದೆ. 1970ರ ಜನವರಿಯಲ್ಲಿ ಒನಾಹಾಮಾ ಬಂದರಿನಲ್ಲಿ ದಿಢೀರನೆ ಬಲಿತ ಚಂಡಮಾರುತಕ್ಕೆ ಸಿಕ್ಕಿ ಸರಕು ಹಡಗೊಂದು ಮುಳುಗಿ ಹದಿನೈದು ನಾವಿಕರು ಸತ್ತರು. ಆ ಹಡಗನ್ನು ಆ ಬಂದರಿಗೆ ಕಳಿಸುವ ವ್ಯವಹಾರ ನೋಡಿಕೊಂಡಿದ್ದವರು ವ್ಯಾಪಾರಿ ಕಂಪನಿಯೊಂದರ ನೌಕರ ಹಿರೋಯೋಶಿ ಇಶಿಬಾಶಿ. ಆ ವ್ಯಾಪಾರ ಬಿಟ್ಟು ಹವಾಮಾನದ ಕಡೆ ತಿರುಗಿ 1986ರಲ್ಲಿ ಅವರು ಕಟ್ಟಿದ ವೆದರ್‌ನ್ಯೂಸ್ ಇಂದು ಜಗತ್ತಿನ ಹಡಗುಗಳಿಗೆ ದಾರಿ ಹೇಳುವ ದೊಡ್ಡ ಸಂಸ್ಥೆಗಳಲ್ಲಿ ಒಂದು. ಜಪಾನ್ ಇನ್ನೊಂದು ಕೆಲಸವನ್ನೂ ಮಾಡಿತು. ಖಾಸಗಿಯವರು ಮುನ್ಸೂಚನೆ ಕೊಡಬೇಕಾದರೆ ಪರೀಕ್ಷೆ ಪಾಸಾದ ಮುನ್ಸೂಚಕರನ್ನೇ ಇಟ್ಟುಕೊಳ್ಳಬೇಕು ಎಂದು ಕಾನೂನು ಮಾಡಿತು. 1994ರಿಂದ ನಡೆಯುತ್ತಿರುವ ಆ ಪರೀಕ್ಷೆಯಲ್ಲಿ ನೂರಕ್ಕೆ ಐದಾರು ಮಂದಿ ತೇರ್ಗಡೆಯಾದರೆ ಹೆಚ್ಚು.

ನಮ್ಮಲ್ಲಿ ಅಂಥ ಪರೀಕ್ಷೆಯಿಲ್ಲ, ಪರವಾನಗಿಯೂ ಇಲ್ಲ. ಕ್ಷೌರದಂಗಡಿ ತೆರೆಯಲು ಲೈಸೆನ್ಸ್ ಬೇಕು, ‘ನಾಳೆ ಸಿಡಿಲು ಸಹಿತ ಮಳೆ’ ಎನ್ನಲು ಮೊಬೈಲ್ ಒಂದಿದ್ದರೆ ಸಾಕು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ನೂರ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಈ ಕ್ಷೇತ್ರ ಬಹುಮಟ್ಟಿಗೆ ಅದೊಂದರದ್ದೇ ಆಗಿತ್ತು. 2003ರಲ್ಲಿ ಜತಿನ್ ಸಿಂಗ್ ಸ್ಕೈಮೆಟ್ ಶುರು ಮಾಡಿದರು. ಅದೇ ವರ್ಷ ಮೆಹಬೂಬ್‌ನಗರದ ರೈತರಿಗೆ ದೇಶದ ಮೊದಲ ಮಳೆ ವಿಮೆ ಮಾರಲಾಯಿತು. ಹವಾಮಾನ ಆಧಾರಿತ ಬೆಳೆ ವಿಮೆಯ ಸರ್ಕಾರಿ ಯೋಜನೆ ಮೊದಲು ಪ್ರಯೋಗಕ್ಕಿಳಿದದ್ದು 2007ರ ಮುಂಗಾರಿನಲ್ಲಿ, ನಮ್ಮ ಕರ್ನಾಟಕದಲ್ಲೇ. ಬೆಳೆ ಎಷ್ಟು ಹಾಳಾಯಿತು ಎಂದು ಹೊಲಕ್ಕೆ ಹೋಗಿ ನೋಡುವ ಬದಲು ಮಳೆಮಾಪಕ ಏನು ಹೇಳುತ್ತದೆ ಎಂದು ನೋಡಿ ಪರಿಹಾರ ಕೊಡುವ ಪದ್ಧತಿ ಇದು. ಅಡಿಕೆ, ಕಾಳುಮೆಣಸಿನವರಿಗೆ ಇವತ್ತು ಬಹಳ ಪರಿಚಿತ.

ಈ ಪದ್ಧತಿಯಿಂದಾಗಿ ಒಂದು ವಿಚಿತ್ರ ಬದಲಾವಣೆ ಆಯಿತು. ಗ್ರಾಮ ಪಂಚಾಯಿತಿ ಕಚೇರಿಯ ಆವರಣದಲ್ಲಿ ನಿಂತ ಮಳೆಮಾಪಕಕ್ಕೆ ಕೋಟಿಗಟ್ಟಲೆ ರೂಪಾಯಿಯ ಯೋಗ್ಯತೆ ಬಂತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ ಇಟ್ಟಿರುವ ಈ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳಿಸುತ್ತವೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಇರುವ ರಾಜ್ಯಗಳು ಕಡಿಮೆ. ಮಾಪಕದೊಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಗೂ ಒಂದು ವಿದ್ಯುತ್ ಸಂಕೇತ. ಅದರ ಲಾಳಿಕೆಗೆ ಒಂದು ಹಲಸಿನೆಲೆ ಬಿದ್ದು ಕೂತರೆ ಮುಗಿಯಿತು, ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗೆ ಸೊನ್ನೆ. ಕರಾವಳಿ, ಮಲೆನಾಡಿನ ಕೃಷಿಕರಲ್ಲಿ ತಲೆಮಾರಿನಿಂದ ಮನೆಯಂಗಳದಲ್ಲೇ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವರಿದ್ದಾರೆ. ಪಂಚಾಯಿತಿಯ ಮಾಪಕಕ್ಕೂ ತಮ್ಮ ಡೈರಿಗೂ ತಾಳೆಯಾಗದಿದ್ದಾಗ ಅವರು ಜಗಳಕ್ಕೆ ನಿಲ್ಲುವುದು ನ್ಯಾಯವೇ. ದುಡ್ಡು ಸಿಗುವುದು ಮಾತ್ರ ಅಧಿಕೃತ ಮಾಪಕದ ಲೆಕ್ಕಕ್ಕೆ.

ಖಾಸಗಿ ಕಂಪನಿಗಳ ಬಗ್ಗೆ ಹೊರಗಡೆ ಇರುವ ದೊಡ್ಡ ತಪ್ಪು ಕಲ್ಪನೆಯೆಂದರೆ, ಸರ್ಕಾರದ ಬಳಿ ಇಲ್ಲದ ಏನೋ ಗುಟ್ಟು ಇವರ ಬಳಿ ಇದೆ ಎಂಬುದು. ಅಂಥದ್ದೇನೂ ಇಲ್ಲ. ಹೈಡ್ರೋಜನ್ ತುಂಬಿದ ಬಲೂನನ್ನು ಬೆಳಗ್ಗೆ ಐದೂವರೆಗೂ ಸಂಜೆ ಐದೂವರೆಗೂ ಆಕಾಶಕ್ಕೆ ಬಿಟ್ಟು ಮೇಲಿನ ಗಾಳಿ, ತೇವ, ಉಷ್ಣತೆ ಅಳೆಯುವುದು ಸರ್ಕಾರ. ಲಂಡನ್, ಟೋಕಿಯೊ, ದೆಹಲಿ ಎಲ್ಲ ಕಡೆಯೂ ಒಂದೇ ಹೊತ್ತಿಗೆ ಬಿಡಬೇಕಾದ್ದರಿಂದ ನಮಗೆ ಈ ಅಡ್ಡಾದಿಡ್ಡಿ ವೇಳೆ. ಉಪಗ್ರಹ ಹಾರಿಸುವುದು ಸರ್ಕಾರ, ರೇಡಾರ್ ನಿಲ್ಲಿಸುವುದು ಸರ್ಕಾರ. ಅಮೆರಿಕದ ಸರ್ಕಾರಿ ಮಾದರಿಯ ಫಲಿತಾಂಶ ಯಾರಿಗಾದರೂ ಉಚಿತ. ಹಿಂದೆಲ್ಲ ಬಲು ದುಬಾರಿಯಾಗಿದ್ದ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರವೂ 2025ರಲ್ಲಿ ತನ್ನ ದತ್ತಾಂಶದ ಬಾಗಿಲು ಅಗಲವಾಗಿ ತೆರೆಯಿತು. ಅದೇ ವರ್ಷ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ಆರು ಕಿಲೋಮೀಟರ್ ಚೌಕಗಳ ‘ಭಾರತ್’ ಮಾದರಿಯನ್ನು ಬಳಕೆಗೆ ತಂದಿತು. ಅಕ್ಕಿ, ಬೇಳೆ, ಒಲೆ ಎಲ್ಲ ಸರ್ಕಾರದ್ದು. ಖಾಸಗಿಯವರದು ಒಗ್ಗರಣೆ ಮಾತ್ರ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ, ಸಹೋದ್ಯೋಗಿಗಳಿಗೆ ಸಿಟ್ಟು ಬಂದರೂ.

ಆದರೆ ಒಗ್ಗರಣೆಗೂ ಕೈ ಬೇಕು. ಏಪ್ರಿಲ್ ಕೊನೆಯ ಬೆಂಗಳೂರನ್ನು ನೋಡಿ. ಮಧ್ಯಾಹ್ನ ನೆಲ ಕಾದು, ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿ ಮೇಲೇರಿ, ಸಂಜೆ ನಾಲ್ಕರ ಮೇಲೆ ಗುಡುಗು. ಇಂಥ ಮಳೆಮೋಡದ ಅಗಲ ಐದು ಹತ್ತು ಕಿಲೋಮೀಟರ್, ಆಯಸ್ಸು ಒಂದು ತಾಸು. ಜಗತ್ತನ್ನೆಲ್ಲ ಒಂಬತ್ತೋ ಹದಿಮೂರೋ ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ ನೋಡುವ ಮಾದರಿಗೆ ಅದು ಒಂದು ಚುಕ್ಕೆಯಾಗಿಯೂ ಕಾಣುವುದಿಲ್ಲ. ಊರಲ್ಲಿ ಎಲ್ಲೋ ಮಳೆಯಾಗುತ್ತದೆ ಎಂದು ಮಾದರಿ ಹೇಳಬಲ್ಲದು. ಯಲಹಂಕದಲ್ಲೋ ಬನಶಂಕರಿಯಲ್ಲೋ ಎಂದು ಹೇಳಲಾರದು. ರೇಡಾರ್ ಇದ್ದರೆ ಮೋಡ ಹುಟ್ಟಿದ ಮೇಲಾದರೂ ಹಿಡಿಯಬಹುದು. ಕರ್ನಾಟಕಕ್ಕೆ ಬಹುಕಾಲ ಗೋವಾ, ಕೊಚ್ಚಿ, ಚೆನ್ನೈ, ಹೈದರಾಬಾದಿನ ರೇಡಾರುಗಳೇ ಗತಿಯಾಗಿದ್ದವು. ದೂರ ಹೋದಷ್ಟೂ ರೇಡಾರ್ ಕಿರಣ ನೆಲದಿಂದ ಮೇಲೇರುತ್ತಾ ಹೋಗುತ್ತದೆ, ಕೆಳಗಿನ ಮೋಡ ಅದರ ಕಣ್ಣು ತಪ್ಪಿಸುತ್ತದೆ. ಇನ್ನು ಘಟ್ಟದ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆ ಚಳ್ಳಕೆರೆ ತಲುಪುವ ಹೊತ್ತಿಗೆ ಐನೂರರ ಆಸುಪಾಸಿಗೆ ಇಳಿದಿರುತ್ತದೆ. ನಡುವಿನ ಆ ಇಳಿಜಾರಿನಲ್ಲಿ ಯಾವ ಊರು ಎಲ್ಲಿ ನಿಂತಿದೆ, ಯಾವ ಕಣಿವೆಗೆ ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ ಎಂಬುದು ಮಾದರಿಗಿಂತ ಹತ್ತು ಮಳೆಗಾಲ ನೋಡಿದವರಿಗೆ ಚೆನ್ನಾಗಿ ಗೊತ್ತು. ಮಾದರಿಯ ತಪ್ಪಿನ ಚಾಳಿಯನ್ನು ಕಲಿತು ತಿದ್ದುವುದೇ ದಿನನಿತ್ಯದ ಕೆಲಸ. ‘ಈ ಮಾದರಿ ಘಟ್ಟದ ಮೇಲೆ ಯಾವಾಗಲೂ ಜಾಸ್ತಿ ಹೇಳುತ್ತದೆ, ಕಾಲುಭಾಗ ಕಳೆ’ ಎಂಬಂಥ ಮಾತು ಪಾಳಿ ಬದಲಾಗುವಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಹೇಳಿದ್ದು ನಿಜವಾಯಿತೇ ಎಂದು ಅಳೆಯುವುದು ಅಷ್ಟು ಸುಲಭವಲ್ಲ. ‘ನಮ್ಮ ಮುನ್ಸೂಚನೆ ಶೇ 95 ನಿಖರ’ ಎಂಬ ಜಾಹೀರಾತು ಕಂಡರೆ ಅನುಮಾನ ಪಡಿ. 1884ರಲ್ಲಿ ಅಮೆರಿಕದ ಸೇನೆಯ ಫಿನ್ಲೆ ಎಂಬಾತ ತನ್ನ ಸುಂಟರಗಾಳಿ ಮುನ್ಸೂಚನೆಗಳು ಶೇ 96.6ರಷ್ಟು ಸರಿ ಎಂದು ಪ್ರಕಟಿಸಿದ. ಯಾರೋ ಲೆಕ್ಕ ತೆಗೆದು ತೋರಿಸಿದರು: ದಿನಾ ‘ಸುಂಟರಗಾಳಿ ಇಲ್ಲ’ ಎಂದಷ್ಟೇ ಹೇಳಿಕೊಂಡು ಕೂತಿದ್ದರೆ ಶೇ 98.2 ಸರಿಯಾಗುತ್ತಿತ್ತು! ಜನವರಿಯಲ್ಲಿ ಕಲಬುರಗಿಗೆ ‘ಮಳೆಯಿಲ್ಲ’ ಎನ್ನಲು ಕಂಪನಿ ಬೇಕಿಲ್ಲ. ಇವತ್ತಿನಂತೆಯೇ ನಾಳೆ ಎನ್ನುವ ಸೋಮಾರಿ ಊಹೆಗಿಂತ, ಮೂವತ್ತು ವರ್ಷದ ಸರಾಸರಿಗಿಂತ ಎಷ್ಟು ಮೇಲು ಎಂಬುದೇ ಮುನ್ಸೂಚಕನ ನಿಜವಾದ ಅಂಕ. ಖಾಸಗಿಯವರಿಗೆ ಇನ್ನೊಂದು ಜಾರುದಾರಿಯೂ ಇದೆ. ಮಳೆ ಬರುತ್ತದೆ ಎಂದು ಹೇಳಿ ಬಾರದಿದ್ದರೆ ಜನ ಖುಷಿಯಾಗಿ ಮರೆಯುತ್ತಾರೆ. ಬರುವುದಿಲ್ಲ ಎಂದು ಹೇಳಿ ಬಂದರೆ ಮರೆಯುವುದಿಲ್ಲ. ಅಮೆರಿಕದ ವೆದರ್ ಚಾನೆಲ್ ಶೇ 5ರಷ್ಟು ಸಾಧ್ಯತೆ ಇದ್ದಾಗಲೂ ಶೇ 20 ಎಂದು ತೋರಿಸುತ್ತಿದ್ದುದನ್ನು ನೇಟ್ ಸಿಲ್ವರ್ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಗಿರಾಕಿಯ ಕಡೆ ಒಂದು ಕಣ್ಣಿಟ್ಟು ಆಕಾಶ ನೋಡಿದರೆ ಹೀಗೇ ಆಗುವುದು. ನಮ್ಮ ಸೌರ ವಿದ್ಯುತ್ತಿನ ಲೆಕ್ಕದಲ್ಲಿ ಈ ಚಾಲಾಕಿ ನಡೆಯುವುದಿಲ್ಲ. ಹೆಚ್ಚು ಹೇಳಿದರೂ ದಂಡ, ಕಡಿಮೆ ಹೇಳಿದರೂ ದಂಡ. ಪ್ರಾಮಾಣಿಕತೆಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಿಕ್ಕಿಲ್ಲ.

ಪತ್ರಿಕೆಗಳಿಗೆ ಇಷ್ಟವಾಗುವ ಭಾಗ ಬೇರೆ. ಅದು ಮುಂಗಾರು ಘೋಷಣೆಯ ಪೈಪೋಟಿ. ಇಲಾಖೆಯ ನಿಯಮದ ಪ್ರಕಾರ ಮೇ 10ರ ನಂತರ ಮಿನಿಕಾಯ್‌ನಿಂದ ಮಂಗಳೂರಿನವರೆಗಿನ 14 ಕೇಂದ್ರಗಳಲ್ಲಿ ಶೇ 60ರಷ್ಟು ಕಡೆ ಎರಡು ದಿನ ಸತತ 2.5 ಮಿಲಿಮೀಟರ್ ಮಳೆಯಾಗಬೇಕು, ಜೊತೆಗೆ ಪಶ್ಚಿಮದ ಗಾಳಿಯ ಬಲ, ಆಳ, ಮೋಡದ ದಟ್ಟಣೆ ಎಲ್ಲ ಕೂಡಿಬರಬೇಕು. 2020ರ ಮೇ 30ರಂದು ಸ್ಕೈಮೆಟ್ ಮುಂಗಾರು ಬಂತು ಎಂದಿತು. ಇನ್ನೂ ಬಂದಿಲ್ಲ ಎಂದ ಇಲಾಖೆ ಜೂನ್ 1ರಂದು ಘೋಷಿಸಿತು. ಎರಡು ದಿನದ ಈ ಅಂತರದಿಂದ ಕೇರಳದ ರೈತನಿಗೂ ಏನೂ ಆಗಲಿಲ್ಲ, ಹಾವೇರಿಯ ರೈತನಿಗಂತೂ ಆಗುವುದೇ ಇಲ್ಲ. ಕೇರಳಕ್ಕೆ ಬಂದ ಮುಂಗಾರು ಬಯಲುಸೀಮೆಗೆ ಯಾವಾಗ ಹದವಾಗುತ್ತದೆ ಎಂಬುದೇ ಬೇರೆ ಕಥೆ. ಇಡೀ ದೇಶದ ನಾಲ್ಕು ತಿಂಗಳ ಮಳೆ ಸರಾಸರಿಯ ಶೇ 103 ಎಂದು ಒಬ್ಬರು, 105 ಎಂದು ಇನ್ನೊಬ್ಬರು ಏಪ್ರಿಲಿನಲ್ಲಿ ಹೇಳುವುದೂ ಇದೇ ಜಾತಿಯದು. ಆ ಸಂಖ್ಯೆಗೆ ಐದರಷ್ಟು ಆಚೀಚೆ ಎಂಬ ಬಾಲವಿದೆ, ಸುದ್ದಿಯಲ್ಲಿ ಬಾಲ ಉದುರಿಹೋಗುತ್ತದೆ. ಉದುರಿಸಿಕೊಂಡ ಮಾತನ್ನು ನಂಬಿ ಬಿತ್ತಿದವರ ಸಿಟ್ಟು ಎಷ್ಟಿರುತ್ತದೆ ಎಂಬುದಕ್ಕೆ 2017ರ ಜುಲೈ ಸಾಕ್ಷಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ರೈತರು ಹವಾಮಾನ ಇಲಾಖೆಯ ಮೇಲೆಯೇ ಪೊಲೀಸ್ ಠಾಣೆಗೆ ದೂರು ಕೊಟ್ಟರು. ಖಾಸಗಿ ಕಂಪನಿಗಳು ಈ ಓಟದಿಂದ ಹೆಸರು ಗಳಿಸಬಹುದು. ಅನ್ನ ಹುಟ್ಟುವುದು ಮಾತ್ರ ಕಾಲು ಗಂಟೆಯ ತುಂಡಿನಲ್ಲಿ, ಅಡಿಕೆಯ ಹೊಳದಲ್ಲಿ.

ಒಂದು ಗೆರೆಯನ್ನು ಮಾತ್ರ ಖಾಸಗಿಯವರು ದಾಟಬಾರದು ಎಂದು ನನ್ನ ಖಚಿತ ಅಭಿಪ್ರಾಯ. ದಿನಕ್ಕೆ 204.5 ಮಿಲಿಮೀಟರ್ ಮೀರುವಂಥ ಅತಿ ಭಾರಿ ಮಳೆ, ಚಂಡಮಾರುತ ಬಂದಾಗ ಕೆಂಪು ಎಚ್ಚರಿಕೆ ಕೊಡುವ ಧ್ವನಿ ಒಂದೇ ಇರಬೇಕು, ಅದು ಇಲಾಖೆಯದೇ ಆಗಿರಬೇಕು. ಮೀನುಗಾರರಿಗೆ ಒಬ್ಬರು ಹೋಗಬೇಡಿ, ಇನ್ನೊಬ್ಬರು ಪರವಾಗಿಲ್ಲ ಎಂದರೆ ದೋಣಿ ಇಳಿಸುವವರು ಯಾರ ಮಾತು ಕೇಳಬೇಕು?

ಈಚಿನ ಎರಡು ಮೂರು ವರ್ಷದಲ್ಲಿ ಕೃತಕ ಬುದ್ಧಿಮತ್ತೆ ಬಂದು ಈ ಮನೆಯ ಕಂಬಗಳನ್ನೇ ಅಲುಗಾಡಿಸುತ್ತಿದೆ. ಸೂಪರ್ ಕಂಪ್ಯೂಟರ್ ತಾಸುಗಟ್ಟಲೆ ಹಾಕುತ್ತಿದ್ದ ಹತ್ತು ದಿನದ ಲೆಕ್ಕವನ್ನು 2023ರಲ್ಲಿ ಗೂಗಲ್ ಡೀಪ್‌ಮೈಂಡಿನ ಗ್ರಾಫ್‌ಕಾಸ್ಟ್ ಒಂದೇ ನಿಮಿಷದೊಳಗೆ ಮಾಡಿ ತೋರಿಸಿತು. 2025ರಲ್ಲಿ ಯುರೋಪಿನ ಕೇಂದ್ರ ತನ್ನದೇ ಅಂಥ ಮಾದರಿಯನ್ನು ದಿನಬಳಕೆಗೆ ತಂದಿತು. ಅದೇ ವರ್ಷದ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇಂಥ ಮಾದರಿಗಳ ನೆರವಿನಿಂದ 13 ರಾಜ್ಯಗಳ 3.8 ಕೋಟಿ ರೈತರಿಗೆ ಮುಂಗಾರು ಯಾವಾಗ ಬರುತ್ತದೆ ಎಂಬ ಸಂದೇಶ ಕಳಿಸಿತು, ಉಚಿತವಾಗಿ. ಇನ್ನೊಂದು ಕಡೆ ಗಿರಾಕಿಗಳೇ ಈ ಕೆಲಸಕ್ಕೆ ಇಳಿಯುತ್ತಿದ್ದಾರೆ. ಊಟ ಹಂಚುವ ಜೊಮ್ಯಾಟೊ 2024ರಲ್ಲಿ 45 ನಗರಗಳಲ್ಲಿ 650ಕ್ಕೂ ಹೆಚ್ಚು ಹವಾಮಾನ ಕೇಂದ್ರಗಳನ್ನು ತಾನೇ ಹಾಕಿಕೊಂಡಿತು. ಯಾವ ಬಡಾವಣೆಯಲ್ಲಿ ಮಳೆ ಎಂದು ಗೊತ್ತಿಲ್ಲದೆ ಊಟ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಹೇಳುವುದು ಹೇಗೆ? ಆ ದತ್ತಾಂಶವನ್ನು ಅದು ಎಲ್ಲರಿಗೂ ಬಿಟ್ಟುಕೊಟ್ಟಿತು ಎಂಬುದು ಮೆಚ್ಚಬೇಕಾದ ಮಾತು. ಗಿರಾಕಿಯ ದುಡ್ಡಿನಿಂದ ನಿಲ್ಲಿಸಿದ ಮಾಪಕಗಳ ಲೆಕ್ಕವನ್ನು ಪೆಟ್ಟಿಗೆಯೊಳಗೆ ಬೀಗ ಹಾಕಿಡುವುದೇ ಈ ಉದ್ಯಮದ ರೂಢಿ.

ಹಾಗಾದರೆ ಈ ಕೆಲಸಕ್ಕೆ ಯಾರು ಬರುತ್ತಾರೆ, ಅವರಿಗೆ ಏನು ಗೊತ್ತಿರಬೇಕು? ಕೊಚ್ಚಿ ಅಥವಾ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪವನಶಾಸ್ತ್ರ ಓದಿದವರು, ಐಐಟಿಗಳಿಂದ ಬಂದವರು, ವಾಯುಪಡೆಯ ಹವಾಮಾನ ವಿಭಾಗದಿಂದ ನಿವೃತ್ತರಾದವರು, ಈಗೀಗ ಬರೀ ಕಂಪ್ಯೂಟರ್ ಕೋಡ್ ಬರೆಯುವ ಹುಡುಗ ಹುಡುಗಿಯರು. ಬೆಳಗಿನ ಜಾವದ ಪಾಳಿಯೇ ಮುಖ್ಯ ಪಾಳಿ. ಗಿರಾಕಿ ಏಳುವ ಮೊದಲು ಉತ್ತರ ಸಿದ್ಧವಿರಬೇಕು. ಸಂದರ್ಶನದಲ್ಲಿ ನಾವು ಸಮೀಕರಣ ಕೇಳುವುದು ಕಡಿಮೆ. ಹಳೆಯ ಯಾವುದೋ ಜನವರಿಯ ನಕ್ಷೆ ಕೊಡುತ್ತೇವೆ: ಬಂಗಾಳ ಕೊಲ್ಲಿಯಲ್ಲಿ ಅಕಾಲದ ವಾಯುಭಾರ ಕುಸಿತ, ಸಕಲೇಶಪುರದ ಕಣದಲ್ಲಿ ಕಾಫಿ ಒಣಗುತ್ತಿದೆ, ಎಸ್ಟೇಟಿನವರು ಫೋನ್ ಮಾಡಿದ್ದಾರೆ, ಏನು ಹೇಳುತ್ತೀರಿ? ಹೆಚ್ಚಿನವರು ನಕ್ಷೆಯ ಮೇಲೆ ಬಾಗುತ್ತಾರೆ. ಕಣದಲ್ಲಿ ಎಷ್ಟು ಕಾಫಿ ಹರವಿದೆ, ರಾಶಿ ಮಾಡಿ ಟಾರ್ಪಲ್ ಮುಚ್ಚಲು ಎಷ್ಟು ಜನ ಇದ್ದಾರೆ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲು ನಮ್ಮನ್ನೇ ತಿರುಗಿ ಕೇಳುವವರು ಅಪರೂಪಕ್ಕೆ ಬರುತ್ತಾರೆ. ಅಂಥವರಿಗೆ ನಕ್ಷೆ ಓದುವುದನ್ನು ಆಮೇಲೆ ಕಲಿಸಿಕೊಳ್ಳುತ್ತೇವೆ.